ಚಂದ ಕಾಣಲಿ ಎಂದು ಒರೆಸಿದ ಬೆಳಕು

ಎರಡು ವರ್ಷದ ಹಿಂದೆ ಒಂದು ಪಂಚಾಯಿತಿ ಕಚೇರಿಯ ಗೋಡೆಗೆ ನಾನೇ ಮೊಳೆ ಹೊಡೆದಿದ್ದೆ. ನಾನು ತೆಗೆದ ಆಕಾಶಗಂಗೆಯ ಫೋಟೋ ತೂಗುಹಾಕಲು. ಚೌಕಟ್ಟು ಕಟ್ಟಿಸಿ ಕೊಟ್ಟವನೂ ನಾನೇ. ಶಾಲು ಹೊದಿಸಿ ಚಪ್ಪಾಳೆ ತಟ್ಟಿದ್ದರು.

ಈ ಶಿವರಾತ್ರಿ ಮುಗಿದ ವಾರ ಅದೇ ಗೋಡೆಯ ಎದುರು ಅಹವಾಲು ಹಿಡಿದು ನಿಂತೆ. ಅದೇ ಫೋಟೋ ನನ್ನ ವಿರುದ್ಧ ಸಾಕ್ಷಿ ಹೇಳಿತು.

ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತು. ಹೊಸಪೇಟೆಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ನನ್ನದು. ಹಗಲಿಡೀ ಬೇರಿಂಗು, ವಾಷರು, ಗ್ರೀಸು. ಅಮಾವಾಸ್ಯೆ ಬಂದರೆ ಮಾತ್ರ ನಾನು ಬೇರೆಯೇ ಮನುಷ್ಯ. ಸಂಜೆ ಅಂಗಡಿ ಪೂಜೆ ಮುಗಿಸಿ, ಕುಂಬಳಕಾಯಿ ಒಡೆದು, ಕ್ಯಾಮೆರಾ ಬ್ಯಾಗು, ಟ್ರೈಪಾಡು ಬೈಕಿಗೆ ಬಿಗಿದು ಹೊರಟೇಬಿಡುತ್ತೇನೆ. (ಅಮಾವಾಸ್ಯೆ ದಿನ ಊರು ಬಿಡಬಾರದು ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಹುಣ್ಣಿಮೆಗೆ ಹೋದರೆ ನಕ್ಷತ್ರ ಸಿಗುವುದಿಲ್ಲ ಎಂದು ನಾನೂ ಅಷ್ಟೇ ವರ್ಷದಿಂದ ಹೇಳುತ್ತಿದ್ದೇನೆ.)

ಆದರೆ ಹೋಗುವುದು ಎಲ್ಲಿಗೆ?

ಹಂಪಿಯಲ್ಲಿ ಕತ್ತಲಾದರೆ ಕಾವಲುಗಾರ ಸೀಟಿ ಊದುತ್ತಾನೆ. ಕಂಪ್ಲಿ ಕಡೆಯ ಗದ್ದೆ ಬಯಲು ಒಂದು ಕಾಲಕ್ಕೆ ಚೆನ್ನಾಗಿತ್ತು. ಈಗ ರೈಸ್‌ಮಿಲ್ಲುಗಳ ದೀಪ, ಕೊಯ್ಲಾದ ಮೇಲೆ ಹುಲ್ಲು ಸುಟ್ಟ ಹೊಗೆ. ಸಂಡೂರಿನ ಗುಡ್ಡಗಳಿಗೆ ಹೋದರೆ ಲಾರಿಗಳ ಹೆಡ್‌ಲೈಟು, ಲೆನ್ಸಿನ ಮೇಲೆ ಕೆಂಪು ಧೂಳು. ಒಂದೊಂದೇ ಜಾಗ ಬಿಡುತ್ತಾ ಬಂದು ಕೊನೆಗೆ ಉಳಿದದ್ದು ಒಂದು ಬಂಡೆ. ಮಲಪನಗುಡಿ ದಾಟಿ ಸ್ವಲ್ಪ ಒಳಗೆ ಹೋದರೆ ಒಂದು ಸಣ್ಣ ಹಳ್ಳಿ (ಹೆಸರು ಬೇಡ), ಅಲ್ಲಿ ಈರಣ್ಣನ ಬಾಳೆ ತೋಟ, ತೋಟದ ಅಂಚಿಗೆ ಆನೆ ಮಲಗಿದಂಥ ಬಂಡೆ. ಈರಣ್ಣ ನನ್ನ ಅಂಗಡಿಯ ಗಿರಾಕಿ. ಅವನ ಮೋಟಾರು ನೋಡಲು ಹೋದಾಗ ಬಂಡೆ ಕಣ್ಣಿಗೆ ಬಿತ್ತು. ಹನ್ನೊಂದು ವರ್ಷವಾಯಿತು.

ಅಲ್ಲಿ ನಾನು ಏನು ಮಾಡುತ್ತೇನೆ? ಏನೂ ಇಲ್ಲ. ಕ್ಯಾಮೆರಾ ತನ್ನ ಪಾಡಿಗೆ ಕ್ಲಿಕ್ ಅನ್ನುತ್ತಿರುತ್ತದೆ, ನಾನು ಇನ್ನೂ ಬಿಸಿ ಆರದ ಬಂಡೆಗೆ ಬೆನ್ನು ಕೊಟ್ಟು ಮಲಗಿರುತ್ತೇನೆ. ಫೋನಿಲ್ಲ, ಗಿರಾಕಿ ಇಲ್ಲ. ನಾನು ಎಷ್ಟು ಚಿಕ್ಕವನು ಎಂದು ಗೊತ್ತಾಗಿಯೂ ಅವಮಾನ ಆಗದ ಜಾಗ ನನಗೆ ಅದೊಂದೇ.

ಒಂದು ದಿನ ಈರಣ್ಣ ಅಂಗಡಿಗೆ ಬಂದ. ಏನೂ ಕೊಳ್ಳಲಿಲ್ಲ.

‘ಅಣ್ಣಾರ, ನಿಮ್ಮ ಬಂಡೆಗಲ್ಲಿನ ಮುಂದ ಎತ್ತರ ಕಂಬದ ಹೈಮಾಸ್ಟ್ ದೀಪ ಬರ್ತತಂತ್ರಿ. ಗುಂಡಿ ತೋಡಾಕ ಗುರುತು ಹಾಕ್ಯಾರ.’

ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಆ ಊರಿನ ಹೆಣ್ಣುಮಕ್ಕಳು ಕೆಲವರು ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿಯುತ್ತಾರೆ. ಸೆಕೆಂಡ್ ಶಿಫ್ಟ್ ಬಸ್ಸು ಅವರನ್ನು ರಾತ್ರಿ ಹತ್ತೂವರೆಗೆ ಟಾರು ರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಊರಿಗೆ ಬಂಡೆಯ ಪಕ್ಕದ ಕಾಲುದಾರಿ. ದೀಪಾವಳಿ ಹೊತ್ತಿಗೆ ಅವರಲ್ಲಿ ರೇಣುಕಾ ಎಂಬವಳಿಗೆ ಕರಡಿ ಎದುರಾಗಿತ್ತು. ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದ ಹುಡುಗಿಗೆ ಮೂರು ದಿನ ಜ್ವರ.

ದೀಪ ಬೇಡ ಎನ್ನಲು ನಾನು ಯಾರು? ಹಾಗೆ ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ನಾನು ಪಂಚಾಯಿತಿಗೆ ಹೋದದ್ದು ದೀಪ ನಿಲ್ಲಿಸಲು ಅಲ್ಲ. ದೀಪಕ್ಕೊಂದು ಟೋಪಿ ಕೇಳಲು. ಅಷ್ಟೆತ್ತರದ ಕಂಬದ ಬದಲು ದಾರಿಯುದ್ದಕ್ಕೂ ನಾಲ್ಕು ಗಿಡ್ಡ ಕಂಬ, ಮೇಲೆ ಟೋಪಿಯಂಥ ಮುಚ್ಚಳ. ಬೆಳಕು ಪೂರ್ತಿ ನೆಲಕ್ಕೆ ಬೀಳಬೇಕು. ಕರಡಿಯೂ ಕಾಣಬೇಕು, ಚುಕ್ಕಿಯೂ ಉಳಿಯಬೇಕು. ಅತಿಯಾಸೆಯೇ? ನೀವೇ ಹೇಳಿ.

ಅಧ್ಯಕ್ಷೆ ಗಂಗಮ್ಮಕ್ಕ ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ನೇರ. ‘ಬರ್ರಿ, ಕುಂದ್ರಿ’ ಎಂದು ಚಹಾ ತರಿಸಿದರು. ನಾನು ಕಾಗದದ ಮೇಲೆ ಗೆರೆ ಎಳೆದು ಬೆಳಕು ಹೇಗೆ ಮೇಲಕ್ಕೆ ಚೆಲ್ಲುತ್ತದೆ, ಚುಕ್ಕಿಗಳು ಹೇಗೆ ಅಳಿಸಿಹೋಗುತ್ತವೆ ಎಂದೆಲ್ಲ ವಿವರಿಸಿದೆ. ಜೊತೆಗೆ ಬಂದಿದ್ದ ಈರಣ್ಣ ಪ್ರತಿ ಮಾತಿಗೂ ತಲೆ ಆಡಿಸಿದ. ಗಂಗಮ್ಮಕ್ಕ ಪೂರ್ತಿ ಕೇಳಿದರು. ಆಮೇಲೆ ಗೋಡೆಯ ಕಡೆ ತಿರುಗಿದರು.

‘ಆ ಫೋಟೋ ನಿಮ್ದ ಅಲ್ಲೇನ್ರಿ? ಅದ ಬಂಡೆಗಲ್ಲಿನ ಮ್ಯಾಲೆ ನಿಂತು ತಗದಿದ್ದು?’

‘ಹೌದ್ರಿ ಅಕ್ಕಾರ.’

‘ಅದರ ಹಿಂದ ಫ್ಯಾಕ್ಟ್ರಿ ಅದಾವು. ಸಾವಿರಾರು ದೀಪ ಉರಿತಾವು. ನಮ್ಮನಿ ಮಾಳಿಗಿಗೆ ನಿಂತ್ರ ಆ ಕಡೆ ಆಕಾಶ ಕೆಂಪಗ ಕಾಣಸ್ತತಿ. ಅಷ್ಟು ಬೆಳಕಿದ್ರೂ ನಿಮ್ಮ ಫೋಟೋದಾಗ ಚುಕ್ಕಿ ಹೆಂಗ ಚೆಲ್ಲ್ಯಾವು ನೋಡ್ರಿ. ಅಷ್ಟಕ್ಕ ಹೋಗದ ಚುಕ್ಕಿ ನಮ್ಮ ಒಂದು ದೀಪಕ್ಕ ಹೋಗ್ತಾವೇನು?’

ಗೆರೆ ಎಳೆದ ಕಾಗದ ಮಡಚಿಟ್ಟೆ.

ಏಕೆಂದರೆ ಅವರು ಹೇಳಿದ್ದು ಸರಿ. ಆಕಾಶಗಂಗೆಯ ತಿರುಳು ಏಳುವುದು ಆಗ್ನೇಯಕ್ಕೆ, ವೃಶ್ಚಿಕ ರಾಶಿಯ ಚೇಳಿನ ಕೊಂಡಿಯ ಹತ್ತಿರ. ನಮ್ಮ ಬಂಡೆಯಿಂದ ನೋಡಿದರೆ ಉಕ್ಕಿನ ಕಾರ್ಖಾನೆಗಳಿರುವುದೂ ಅದೇ ದಿಕ್ಕಿಗೆ. ಹಾಗಾದರೆ ಫೋಟೋದಲ್ಲಿ ಆ ಕೆಂಪು ಎಲ್ಲಿ ಹೋಯಿತು?

ನಾನು ಒರೆಸಿದ್ದೆ.

ರಾತ್ರಿ ಆಕಾಶದ ಫೋಟೋ ತೆಗೆಯುವವರೆಲ್ಲ ಮಾಡುವ ಕೆಲಸ ಇದು. ನಲವತ್ತು ಐವತ್ತು ಫೋಟೋ ಒಂದರ ಮೇಲೊಂದು ಕೂರಿಸುತ್ತೇವೆ. ಊರ ದೀಪದ ಬಣ್ಣವನ್ನು ಸಾಫ್ಟ್‌ವೇರ್‌ಗೆ ತೋರಿಸಿ ‘ಇದು ಕಸ, ತೆಗೆ’ ಎನ್ನುತ್ತೇವೆ. ಅದು ತೆಗೆಯುತ್ತದೆ. ಕೆಳಗೆ ಅಡಗಿದ್ದ ಆಕಾಶಗಂಗೆ ಎದ್ದು ಬರುತ್ತದೆ. ಫೇಸ್‌ಬುಕ್ಕಿಗೆ ಹಾಕಿದರೆ ‘ವಾವ್ ಸರ್, ನಮ್ಮ ಹಂಪಿ ಸ್ಕೈ ಸೂಪರ್’. ಹನ್ನೊಂದು ವರ್ಷ ಇದನ್ನೇ ಮಾಡಿದೆ. ಕೆಂಪು ವರ್ಷವರ್ಷ ಮೇಲೇರಿತು, ನಾನು ವರ್ಷವರ್ಷ ಇನ್ನಷ್ಟು ಒರೆಸಿದೆ.

ಒಪ್ಪಿಕೊಂಡೆ. ‘ಆ ಬೆಳಕು ಇತ್ತ್ರಿ ಅಕ್ಕಾರ. ನಾನ ಕಂಪ್ಯೂಟರಿನಾಗ ಒರಸೀನಿ.’

‘ಯಾಕ?’

‘ಚಂದ ಕಾಣ್ಲಿ ಅಂತ.’

ಗಂಗಮ್ಮಕ್ಕ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ‘ಹಂಗಾರ ನಮ್ಮ ದೀಪಾನೂ ಒರಸ್ರಿ’ ಎಂದರು.

ಈರಣ್ಣ ನನ್ನ ನೆರವಿಗೆ ಬಂದ. ‘ಹಂಗಲ್ರಿ ಅಕ್ಕಾರ. ಅಣ್ಣಾರು ಹನ್ನೊಂದು ವರ್ಸದಿಂದ ತಗೀತಾರ. ಮೊದಲ ಹೆಂಗಿತ್ತು, ಈಗ ಹೆಂಗೈತಿ, ಎಲ್ಲಾ ಅವರತ್ರ ಐತಿ. ತೋರಸ್ರಿ ಅಣ್ಣಾರ.’

ಫೋನು ತೆಗೆದೆ. ಕಳೆದ ತಿಂಗಳ ಒರೆಸದ ಫೋಟೋ ಒಂದಿತ್ತು. ತುಕ್ಕು ನೀರಿನಂಥ ಆಕಾಶ, ಅಲ್ಲಲ್ಲಿ ಪೇಲವ ಚುಕ್ಕಿ. ಗಂಗಮ್ಮಕ್ಕ ಕನ್ನಡಕ ಏರಿಸಿ ನೋಡಿದರು. ‘ಇದು ಕೆಟ್ಟು ಬಂದತಿ ಬಿಡ್ರಿ. ಇರ್ಲಿ, ಇದು ಈಗಿಂದು. ಹತ್ತು ವರ್ಸದ ಹಿಂದಿಂದು ಹಿಂಗ ಒರಸಲಾರದ್ದು ತೋರಸ್ರಿ. ಎರಡೂ ಬಾಜೂಕ ಇಟ್ಟು ನೋಡೋಣು. ಫರಕ್ ಕಂಡ್ರ ನಾನ ಎಂಜಿನಿಯರ್‌ಗೆ ಹೇಳ್ತೀನಿ, ಟೋಪಿ ಹಾಕಪಾ ಅಂತ.’

ಎಂಥ ನ್ಯಾಯವಾದ ಮಾತು! ಇದಕ್ಕಿಂತ ಒಳ್ಳೆಯ ಅಧ್ಯಕ್ಷೆಯನ್ನು ಯಾರು ಕೇಳಿಯಾರು?

ಆದರೆ ನನ್ನ ಹತ್ತಿರ ಇರಲಿಲ್ಲ. ಮೂಲ ಫೋಟೋಗಳು ಭಾಳ ಜಾಗ ತಿನ್ನುತ್ತವೆ. ಹಾರ್ಡ್‌ಡಿಸ್ಕ್ ತುಂಬಿದಾಗಲೆಲ್ಲ, ಚಂದ ಮಾಡಿದ ಒಂದನ್ನು ಇಟ್ಟುಕೊಂಡು ಮೂಲದ ನಲವತ್ತು ಐವತ್ತನ್ನೂ ಡಿಲೀಟ್ ಮಾಡುತ್ತಿದ್ದೆ. ಅವು ಬರೀ ಕಸ ಅಂದುಕೊಂಡಿದ್ದೆ. ಈ ಸೀಮೆಯ ಆಕಾಶ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹೇಗೆ ಕಳೆದುಹೋಯಿತು ಎನ್ನುವುದಕ್ಕೆ ನನಗೆ ಗೊತ್ತಿದ್ದ ಒಂದೇ ಲೆಕ್ಕ ಅದು. ಒಂದೇ ಜಾಗ, ಒಂದೇ ದಿಕ್ಕು, ಹನ್ನೊಂದು ವರ್ಷ. ನಾನೇ ಕೈಯಾರೆ ಅಳಿಸಿದೆ.

‘ಇಲ್ರಿ’ ಎಂದೆ. ಈರಣ್ಣ ನನ್ನ ಮುಖ ನೋಡಲಿಲ್ಲ. ವಾಪಸು ಬರುವಾಗ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತೋಟದ ತನಕ ಬಿಟ್ಟೆ. ಅಲ್ಲಿ ಇಳಿದು, ‘ಇಟ್ಟಿದ್ರ ಚಲೋ ಇತ್ತು ನೋಡ್ರಿ ಅಣ್ಣಾರ’ ಎಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮನೆಗೆ ಬಂದು ಹಾರ್ಡ್‌ಡಿಸ್ಕ್‌ಗಳನ್ನೆಲ್ಲ ಜಾಲಾಡಿದೆ. ಅಳಿಸಿದ ಫೈಲು ವಾಪಸು ತರುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಸಿಕ್ಕಿದ್ದು ಒಂದು ಗೃಹಪ್ರವೇಶದ ಫೋಟೋಗಳು ಮತ್ತು ಯಾರದೋ ಪಂಪಿನ ವಾರಂಟಿ ಕಾರ್ಡು. ಮಾಡಿದ್ದುಣ್ಣೋ ಮಹರಾಯ.

ದೀಪ ಬಂತು. ಟೋಪಿ ಇಲ್ಲದೆ. ಕಳೆದ ಅಮಾವಾಸ್ಯೆಗೆ ಹೋಗಬಾರದು ಅಂದುಕೊಂಡೂ ಹೋದೆ. ಬಂಡೆ ಕಲ್ಯಾಣಮಂಟಪದ ಸ್ಟೇಜಿನ ಹಾಗೆ ಹೊಳೆಯುತ್ತಿತ್ತು. ನನ್ನ ನೆರಳು ಬಾಳೆ ತೋಟದ ಒಳಗಿನವರೆಗೂ ಚಾಚಿತ್ತು. ಮೂವತ್ತು ಸೆಕೆಂಡು ಶಟರ್ ತೆರೆದಿಟ್ಟು ಒಂದು ಫೋಟೋ ತೆಗೆದೆ. ಬೆಳ್ಳಗೆ, ಸುಣ್ಣ ಬಳಿದ ಗೋಡೆಯಂತೆ ಬಂತು. ಒರೆಸುವುದಕ್ಕೆ ಅದರ ಕೆಳಗೆ ಏನೂ ಉಳಿದಿರಲಿಲ್ಲ.

ಹತ್ತೂವರೆಯ ಬಸ್ಸು ಬಂತು. ಹೆಣ್ಣುಮಕ್ಕಳು ಮಾತಾಡುತ್ತಾ, ನಗುತ್ತಾ ಕಾಲುದಾರಿಯಲ್ಲಿ ಬಂದರು. ಯಾರ ಕೈಯಲ್ಲೂ ಟಾರ್ಚಿಲ್ಲ, ಯಾರೂ ಹಿಂದೆ ತಿರುಗಿ ನೋಡುತ್ತಿಲ್ಲ. ರೇಣುಕಾ ನನ್ನನ್ನು ಗುರುತಿಸಿ ನಿಂತಳು.

‘ಸರ, ದೀಪ ಮಸ್ತ್ ಆತಲ್ರಿ? ಇಷ್ಟು ದಿನ ಕತ್ತಲದಾಗ ಒದ್ದಾಡ್ತಿದ್ರಿ, ಪಾಪ. ಇನ್ನ ನಿಮ್ಮ ಫೋಟೋನೂ ಭಾಳ ಚಲೋ ಬರ್ತಾವ ನೋಡ್ರಿ.’

‘ಹೌದವ್ವ’ ಎಂದೆ. ಅವಳು ಹೆದರದೆ ಮನೆಗೆ ಹೋಗುತ್ತಿದ್ದಾಳೆ, ಅದು ನಿಜಕ್ಕೂ ಒಳ್ಳೆಯದು. ಒಂದು ಟೋಪಿ ಇದ್ದಿದ್ದರೆ ಆ ಒಳ್ಳೆಯದಕ್ಕೂ ಮೇಲಿನ ಆಕಾಶಕ್ಕೂ ಜಗಳವೇ ಇರುತ್ತಿರಲಿಲ್ಲ. ಆ ಟೋಪಿಯನ್ನು ತಪ್ಪಿಸಿದ್ದು ಕಾರ್ಖಾನೆಯಲ್ಲ, ಕಂಟ್ರಾಕ್ಟರನಲ್ಲ, ಗಂಗಮ್ಮಕ್ಕನೂ ಅಲ್ಲ. ಟ್ರೈಪಾಡು ಮಡಚಿದೆ. ಇನ್ನು ಮುಂದೆ ಅದನ್ನು ಬಿಚ್ಚಲು ನನಗೆ ಜಾಗವಿಲ್ಲ.

ಮೂರು ದಿನದ ಹಿಂದೆ ಗಂಗಮ್ಮಕ್ಕನ ಫೋನು. ಕಚೇರಿಗೆ ಬಣ್ಣ ಹೊಡೆಸುತ್ತಿದ್ದಾರಂತೆ. ಗೋಡೆಯ ಮೇಲಿನ ನನ್ನ ಫೋಟೋ ಬಿಸಿಲಿಗೆ ಮಾಸಿದೆಯಂತೆ, ಹೊಸದೊಂದು ಬೇಕಂತೆ.

‘ಹೊಸಾದು ಇಲ್ರಿ ಅಕ್ಕಾರ. ಈಗ ಅಲ್ಲಿ ಏನೂ ಬರಂಗಿಲ್ಲ.’

‘ಹಳೇದ ಇನ್ನೊಂದು ಪ್ರಿಂಟ್ ಹಾಕಿಸಿ ಕೊಡ್ರಿ ಮತ್ತ. ಆಕಾಶ ಏನು ಬದಲಾಗ್ತತೇನು?’

ಹಾಕಿಸಿ ಕೊಟ್ಟೆ. ಬೇರೆ ಆಕಾಶ ನನ್ನ ಹತ್ತಿರ ಎಲ್ಲಿದೆ?