ಕುರುಗೋಡಿನ ಜಗಲಿ ಮೇಲಿನ ಪಿಟೀಲು ದೊರೆ

ನಾನು ಸಾಲೆ ಬಿಟ್ಟದ್ದು ಆರನೇ ಕ್ಲಾಸಿಗೆ. ಕಲಿತ ಇತಿಹಾಸದಲ್ಲಿ ತಲೆಯಲ್ಲಿ ಉಳಿದದ್ದು ಒಂದೇ: ತನ್ನ ಊರು ಹೊತ್ತಿ ಉರಿಯುವಾಗ ಪಿಟೀಲು ಬಾರಿಸುತ್ತ ಕೂತ ರೋಮಿನ ದೊರೆ. ಆ ಕಾಲಕ್ಕೆ ಪಿಟೀಲೇ ಇರಲಿಲ್ಲ ಎಂದು ಓದಿದವರೊಬ್ಬರು ಆಮೇಲೆ ನನ್ನನ್ನು ತಿದ್ದಿದರು. ಇರಲಿ. ಹೆತ್ತ ತಾಯಿಯನ್ನೇ ಕೊಲ್ಲಿಸಿದವನು ಎಂಬುದನ್ನು ಅವರೂ ಅಲ್ಲಗಳೆಯಲಿಲ್ಲ. ಇಂಥವನ ಮುಖ ಒತ್ತಿದ ನಾಣ್ಯಗಳು ಹಡಗು ಹತ್ತಿ ನಮ್ಮ ಸೀಮೆಗೂ ಬಂದಿದ್ದವು ಎಂದು ಗೊತ್ತಾದ ದಿನದಿಂದ ನನಗೆ ಅವನ ಹುಚ್ಚು ಹಿಡಿಯಿತು. ಹಳೆಯ ನಾಣ್ಯ ಕೂಡಿಡುವ ನನ್ನ ಪೆಟ್ಟಿಗೆಯಲ್ಲಿ ಅವನದು ಒಂದಾದರೂ ಅಸಲಿ ನಾಣ್ಯ ಇರಬೇಕು. ಬೇರೆ ರಾಜರೆಲ್ಲ ಸಿಕ್ಕರು, ಅವನೊಬ್ಬ ಸಿಗಲಿಲ್ಲ.

ಬಳ್ಳಾರಿಯಲ್ಲಿ ನನ್ನದು ಜೀನ್ಸ್ ವಾಷಿಂಗ್ ಯೂನಿಟ್ಟು. ಹೊಲಿದು ಬಂದ ಹೊಸ ಪ್ಯಾಂಟುಗಳನ್ನು ಕಲ್ಲಿನ ಜೊತೆ ಮಷೀನಿಗೆ ಹಾಕಿ ತಿರುಗಿಸಿ, ತೊಡೆಯ ಜಾಗಕ್ಕೆ ಉಪ್ಪುಕಾಗದ ಉಜ್ಜಿ, ಔಷಧಿ ಸಿಂಪಡಿಸಿ, ವರ್ಷಗಟ್ಟಲೆ ತೊಟ್ಟು ಸವೆಸಿದಂತೆ ಮಾಡುವುದು ನಮ್ಮ ಕೆಲಸ. ಬೇರೆಯವರ ಯೂನಿಟ್ಟಿನಲ್ಲಿ ಒದ್ದೆ ಬಟ್ಟೆ ಹೊತ್ತು ಶುರು ಮಾಡಿದವನು ನಾನು; ಈಗ ಮಷೀನುಗಳೂ ನನ್ನವು, ಜಾಗವೂ ನನ್ನದು. ಹೊಸದನ್ನು ಹಳೆಯದು ಮಾಡುವ ವಿದ್ಯೆಯಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಸುತ್ತಮುತ್ತ ಇಲ್ಲ. ಆದರೂ ಎರಚಲು ಬರುತ್ತಾರಲ್ಲ, ಅದಕ್ಕೇ ಸಿಟ್ಟು.

ಸಿರುಗುಪ್ಪದಲ್ಲಿ ನಮ್ಮ ಪ್ಯಾಂಟು ಮಾರುವ ಅಂಗಡಿಯವನೊಬ್ಬನಿದ್ದಾನೆ. ಒಮ್ಮೆ ಮಾಲು ಇಳಿಸಲು ಹೋದಾಗ ಗಲ್ಲಾದಿಂದ ಕಾಗದದ ಪೊಟ್ಟಣ ತೆಗೆದ.

"ಸಾವ್ಕಾರ್ರೆ, ನಿಮ್ಮ ಪಿಟೀಲಿನವ ಸಿಕ್ಕಾನ ನೋಡ್ರಿ. ಹಚ್ಚೊಳ್ಳಿ ಕಡೆ ಹೊಲದಾಗ, ಮಣ್ಣಾಗ ಸಿಕ್ಕಿದ್ದು."

ಮೂಗಿನ ಹತ್ತಿರ ಹಿಡಿದೆ. ಆಸಿಡ್ಡಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಮಣ್ಣಾಗ ಇದ್ದದ್ದು ಖರೇನ?"

"ದೇವ್ರಾಣಿ ಖರೇರಿ."

"ಯಾವಾಗ ಹೂತಿದ್ರಿ?"

"ಯುಗಾದಿ ಆದಮ್ಯಾಲರಿ," ಎಂದವನೇ ನಾಲಿಗೆ ಕಚ್ಚಿಕೊಂಡು ನಕ್ಕುಬಿಟ್ಟ. ನಾಚಿಕೆ ಅಷ್ಟರಲ್ಲೇ ಮುಗಿಯಿತು. ಚಹಾ ತರಿಸಿದ.

ನಾನು ಹೀಗೆ ಊರೂರು ಅಲೆಯುತ್ತಿದ್ದಾಗ ಆ ಪಿಟೀಲು ದೊರೆ ಕೂತಿದ್ದದ್ದು ಕುರುಗೋಡಿನಲ್ಲಿ, ನಮ್ಮ ಅಕ್ಕನ ಮನೆಯ ದೇವರ ಜಗಲಿ ಮೇಲೆ. ಲಿಂಗಕ್ಕೂ ವೀರಭದ್ರನ ಹಿತ್ತಾಳೆ ಮುಖಕ್ಕೂ ನಡುವೆ ಒಂದು ತಾಮ್ರದ ಬಿಲ್ಲೆ, ಮೇಲೆ ವಿಭೂತಿ ಕುಂಕುಮದ ದಪ್ಪ ಪದರ. ಅಕ್ಕನ ಮದುವೆಯಾದಾಗಿನಿಂದ ಅದಕ್ಕೆ ಕೈ ಮುಗಿದಿದ್ದೇನೆ, ನೋಡಿರಲಿಲ್ಲ. ಹೋದ ವರ್ಷ ಊಟಕ್ಕೆ ಹೋದಾಗ ಅದರ ಮುಕ್ಕಾಲು ಭಾಗ ಕುಂಕುಮ ಉದುರಿತ್ತು. ಫೋನಿನಲ್ಲಿ ಚಿತ್ರ ಹೊಡೆದು ಹಿಗ್ಗಿಸಿ ನೋಡಿದೆ. ಕೊಬ್ಬಿದ ಕುತ್ತಿಗೆ, ಜೋಡಿ ಗದ್ದ, ಹಣೆಯ ಮೇಲೆ ಸುರುಳಿ ಕೂದಲು, ಸುತ್ತ ಅಕ್ಷರ. ಪುಸ್ತಕದ ಚಿತ್ರದಲ್ಲಿ ನೂರು ಸಲ ನೋಡಿದ ಮುಖ.

ಅಕ್ಕನ ಅತ್ತೆ ಅದನ್ನು ಕಾಸಿನಪ್ಪ ಎನ್ನುತ್ತಿದ್ದರು. ಅವರ ಅತ್ತೆಯ ಕಾಲದಿಂದಲೂ ಅದು ಜಗಲಿ ಮೇಲಿತ್ತಂತೆ.

"ಅಮ್ಮಾ, ಇವ ದೇವ್ರಲ್ಲರಿ. ತಾಯಿನ್ನ ಕೊಲ್ಲಿಸಿದವ," ಎಂದೆ.

"ನಮ್ಮನ್ಯಾಗ ಯಾರ್ನೂ ಕೊಂದಿಲ್ಲಪ್ಪ," ಎಂದರು ಮುದುಕಿ. "ಸುಮ್ನ ಕುಂತಾನ."

ಅದನ್ನು ನನಗೆ ಕೊಡಿ ಎಂದೆ, ಕೊಡಲಿಲ್ಲ. ತಿಂಗಳುಗಟ್ಟಲೆ ಕುರುಗೋಡಿಗೆ ತಿರುಗಿದೆ. ಹಣ್ಣು ಒಯ್ದೆ, ಮುದುಕಿಯ ಮಂಡಿನೋವಿಗೆ ಎಣ್ಣೆ ಒಯ್ದೆ. ಕಡೆಗೊಂದು ದಿನ ಅವರೇ ಸೋತು, ಸೊಸೆಯ ತವರಿಗೆ ತಾನೇ ಹೋಗುವುದು, ಹೋಗಲಿ, ಆದರೆ ಪೂಜೆ ತಪ್ಪಬಾರದು ಎಂದರು. ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟೆ. ಸೋಮವಾರ ಬಂದು ಒಯ್ಯಿ ಎಂದರು.

ಹಳೆಯ ತಾಮ್ರದ ನಾಣ್ಯಕ್ಕೆ ಮೈಮೇಲೆ ಒಂದು ಕಪ್ಪು ಹಸಿರು ಚರ್ಮ ಬೆಳೆದಿರುತ್ತದೆ. ಎರಡು ಸಾವಿರ ವರ್ಷ ತೆಗೆದುಕೊಂಡು ಬೆಳೆದದ್ದು. ಅದು ಹೋದರೆ ಮುಖದ ಗೆರೆಯೂ ಅದರ ಜೊತೆ ಹೋಗುತ್ತದೆ. ಅದಕ್ಕೇ ಭಾನುವಾರ ಅಕ್ಕನಿಗೆ ಫೋನು ಮಾಡಿ ಹೇಳಿದೆ:

"ಅಕ್ಕಾ, ಕಾಸು ಇದ್ದದ್ದು ಇದ್ದಂಗ ಕೊಡು. ಮುಟ್ಟಾಕ ಹೋಗಬ್ಯಾಡ."

"ನನಗ ಹೇಳಿಕೊಡಾಕ ಬರ್ತೀಯೇನಲೇ? ಹೆಂಗ ಕೊಡಬೇಕು ಅಂತ ನನಗ ಗೊತ್ತೈತಿ," ಎಂದಳು. ಒಪ್ಪಿದಳು ಎಂದುಕೊಂಡೆ. ಅಕ್ಕಂದಿರ ವಿಷಯದಲ್ಲಿ ಹಾಗೆಲ್ಲ ಅಂದುಕೊಳ್ಳಬಾರದು.

ಸೋಮವಾರ ಹೋದೆ. ತಟ್ಟೆಯಲ್ಲಿ ಎಲೆಯಡಿಕೆ, ಬಾಳೆಹಣ್ಣು, ಕಾಯಿ, ನಡುವೆ ನನ್ನ ದೊರೆ. ಈಗಷ್ಟೇ ಟಂಕಸಾಲೆಯಿಂದ ಎದ್ದು ಬಂದವನಂತೆ ಕೆಂಪಗೆ ಧಗಧಗ ಹೊಳೆಯುತ್ತಿದ್ದ. ಅಲ್ಲ, ಟಂಕಸಾಲೆಯಿಂದ ಬಂದಿದ್ದರೆ ಮೂಗಾದರೂ ಇರುತ್ತಿತ್ತು. ಮೂಗು ಹೋಗಿತ್ತು, ಸುರುಳಿ ಕೂದಲು ಹೋಗಿತ್ತು, ಅಕ್ಷರ ಒಂದೆರಡು ಉಳಿದಿದ್ದವು. ಗದ್ದ ಮಾತ್ರ ಇತ್ತು.

"ಹುಣಸಿಹುಳ್ಯಾಗ ನೆನಿಸಿದ್ದೆ ನೋಡೋ ತಮ್ಮಾ," ಎಂದಳು ಅಕ್ಕ. "ಮುಂಜಾನಿಯಿಂದ ಇಟ್ಟಂಗಿ ಪುಡಿ ಹಾಕಿ ತಿಕ್ಕೀನಿ. ಜಗಲಿ ಇಳಿಸಿದ ದೇವ್ರನ್ನ ತೊಳೀದ ಕಳಿಸಾಕ ಬರಂಗಿಲ್ಲ. ಅದೂ ತವರಿಗೆ. ನಿನ್ನ ಹೆಂಡ್ತಿ ನೋಡಿ ಏನಂದಾಳು, ಇವರ ಮನ್ಯಾಗ ದೇವ್ರಿಗೆ ನೀರು ತೋರಿಸಂಗಿಲ್ಲೇನು ಅಂತ?"

"ಮುಟ್ಟಬ್ಯಾಡ ಅಂದಿದ್ನೆಲ್ಲ ಅಕ್ಕಾ."

"ಮೈಲಿಗ್ಯಾಗ ಮುಟ್ಟಿಲ್ಲಪ್ಪ. ಜಳಕ ಮಾಡೇ ಮುಟ್ಟೀನಿ. ಯಾಕ ಮಾರಿ ಹಿಂಗ ಮಾಡ್ಕೊಂಡಿ?"

ಬಾಯಿಗೆ ಬಂದದ್ದನ್ನೆಲ್ಲ ಆಡಬೇಕೆಂದು ತಲೆ ಎತ್ತಿದೆ. ಅವಳ ಬೆರಳ ತುದಿ ಹುಳಿಯಲ್ಲಿ ಬಿಳುಚಿ ಸುಕ್ಕಾಗಿತ್ತು, ಉಗುರಿನ ಸಂದಿಯಲ್ಲಿ ಇಟ್ಟಿಗೆಯ ಕೆಂಪು. ನಾನು ಯೂನಿಟ್ಟಿನಲ್ಲಿ ಕೂಲಿ ಮಾಡುತ್ತಿದ್ದಾಗ ನನ್ನ ಕೈ ಹೀಗೇ ಇರುತ್ತಿತ್ತು.

"ಚಲೋ ಹೊಳೀತೈತಿ," ಎಂದೆ. ಮುದುಕಿಯ ಕಾಲಿಗೆ ಬಿದ್ದು ತಟ್ಟೆ ತೆಗೆದುಕೊಂಡೆ.

ಬಳ್ಳಾರಿಗೆ ಬಂದು ಸೀದಾ ಯೂನಿಟ್ಟಿಗೆ ಹೋದೆ. ಕೆಲಸದವರು ಊಟಕ್ಕೆ ಹೋಗಿದ್ದರು. ಔಷಧಿಯ ಡ್ರಮ್ಮು ಎದುರಿಗೇ ಇತ್ತು. ಒಂದು ಹನಿ, ಸ್ವಲ್ಪ ಕಾವು, ಮತ್ತೊಂದು ಹನಿ. ಚಹಾ ಕುಡಿದು ಬರುವಷ್ಟರಲ್ಲಿ ದೊರೆಯ ಮೈಗೆ ಮತ್ತೆ ಆ ಕಪ್ಪು ಹಸಿರು ತರಬಹುದಿತ್ತು. ನೋಡಿದ ಯಾವನಿಗೂ ಗೊತ್ತಾಗುತ್ತಿರಲಿಲ್ಲ. ಮುಚ್ಚಳವನ್ನೂ ತೆಗೆದೆ. ಆಗ ಆ ಸಿರುಗುಪ್ಪದವನ ನಗು ನೆನಪಾಯಿತು. ಪ್ಯಾಂಟು ಕೊಳ್ಳುವವನಿಗೆ ಅದು ಹೊಸ ಪ್ಯಾಂಟೆಂದು ಗೊತ್ತು, ಗೊತ್ತಿದ್ದೇ ಕೊಳ್ಳುತ್ತಾನೆ. ಅದು ಕಸುಬು. ಇದು ಬೇರೆ. ಮುಚ್ಚಳ ಹಾಕಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಪೆಟ್ಟಿಗೆಯಲ್ಲಿ ದೊರೆಗೆಂದು ಬಿಟ್ಟ ಗುಂಡಿ ಇವತ್ತಿಗೂ ಖಾಲಿ. ಅವನು ಇರುವುದು ನಮ್ಮ ಜಗಲಿ ಮೇಲೆ, ಮುದುಕಿಗೆ ಕೊಟ್ಟ ಮಾತಿನಂತೆ. ಸೋಮವಾರ ಬಂತೆಂದರೆ ನನಗೂ ಹೆಂಡತಿಗೂ ಜಗಳ.

"ಅದನ್ನ ತೊಳೀಬ್ಯಾಡ ಅಂದ್ರ ತೊಳೀಬ್ಯಾಡ," ಎನ್ನುತ್ತೇನೆ.

"ದಿನಾ ಲಾರಿಗಟ್ಲೆ ಪ್ಯಾಂಟು ತೊಳೀತೀರಿ," ಎನ್ನುತ್ತಾಳೆ. "ಇದೊಂದು ದೇವ್ರಿಗೆ ನೀರು ಹಾಕಿದ್ರ ಜೀವಾ ಹೋಗ್ತೈತೇನ್ರಿ ನಿಮ್ದು?"

ಸಂಜೆ ಅಕ್ಕನ ಫೋನು. ಪೂಜೆ ನಡದೈತೇನು, ಹಂಗ ಹೊಳೀತಾನೇನು ಎಂದು ಕೇಳುತ್ತಾಳೆ. ಹೂಂ ಎನ್ನುತ್ತೇನೆ.

ಮೊನ್ನೆ ದೊರೆಯ ಗದ್ದದ ಕೆಳಗೆ ಎಳ್ಳುಕಾಳಿನಷ್ಟು ಕಪ್ಪು ಕಾಣಿಸಿತು. ತಾನಾಗಿಯೇ ಚರ್ಮ ಕಟ್ಟಲು ಶುರುವಾಯಿತೆಂದು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ದೀಪದ ಮಸಿ. ಇದ್ದರೂ ಇರಲಿ ಬಿಡು ಎಂದು ಹೇಳಲು ತಿರುಗುವಷ್ಟರಲ್ಲಿ ಹೆಂಡತಿ ಕೈ ಚಾಚಿ ಸೆರಗಿನಿಂದ ಒರೆಸಿಬಿಟ್ಟಿದ್ದಳು.