ಅಕ್ಕನ ಬಲ ಮೊಣಕಾಲು

ಮೊಣಕಾಲಿನ ಕೀಲು ಬದಲಾಯಿಸಿಕೊಳ್ಳುವವರು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದಷ್ಟೇ ಡಾಕ್ಟರನ್ನು ಕೇಳುತ್ತಾರೆ. ಎಷ್ಟು ಮಡಚಿಕೊಳ್ಳುತ್ತದೆ ಎಂದೂ ಕೇಳಿ. ನಮ್ಮಂಥವರಲ್ಲಿ ಸತ್ತ ಮೇಲೂ ಮೊಣಕಾಲಿಗೆ ಕೆಲಸವಿರುತ್ತದೆ. ನಾವು ಹೆಣವನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಕಾಲು ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಗುಣಿಯೊಳಗೆ ಕೂರಿಸುತ್ತೇವೆ.

ಇದನ್ನು ನನಗಿಂತ ಮೊದಲು ಯೋಚಿಸಿದವಳು ನನ್ನ ಅಕ್ಕ. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಭಾವ ತೀರಿಕೊಂಡ ಮೇಲೆ ನಂದಿಗುಡಿಯಿಂದ ವಿನೋಬನಗರದ ನಮ್ಮ ಮನೆಗೆ ಬಂದಳು. ಬಲ ಮೊಣಕಾಲು ಸವೆದು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದಳು. ಆಪರೇಷನ್ ಎಂದರೆ ಮಾತ್ರ ಒಲ್ಲೆ.

"ಮೊದ್ಲು ಹೇಳು ತಮ್ಮಾ, ನೀ ಹಾಕ್ಸೋ ಕಬ್ಬಿಣ ಪೂರ್ತಿ ಮಡಚ್ಕೊಂತೈತೇನು? ಗುಣಿಯಾಗೆ ಕಾಲು ಚಾಚ್ಕೊಂಡು ಕುಂತ್ರೆ ನಿಮ್ಮ ಭಾವ ಪಕ್ಕದಾಗಿಂದ ನಗ್ತಾನೆ."

"ಕಾಲಿಂದು ನಂಗೆ ಬಿಡಕ್ಕಾ."

ಹರಿಹರದಲ್ಲಿ ನನ್ನದು ಬೇರಿಂಗ್ ಅಂಗಡಿ. ಗುಜರಿಯಿಂದ ಹಳೆಯ ಬೇರಿಂಗ್ ಆರಿಸಿ, ತೊಳೆದು ಮಾರುತ್ತ ಮೇಲೆ ಬಂದವನು. ಕೈಯಲ್ಲಿ ತಿರುಗಿಸಿ ನೋಡದೆ ಮಾಲು ನಂಬುವುದಿಲ್ಲ. ಡಾಕ್ಟರ ಮೇಜಿನ ಮೇಲಿದ್ದ ಮಾದರಿಯನ್ನು ಕೇಳಿ ತೆಗೆದುಕೊಂಡೆ. ತೊಡೆಮೂಳೆಯ ತುದಿಗೆ ಕನ್ನಡಿಯಂತೆ ಹೊಳೆಯುವ ಲೋಹದ ಟೋಪಿ, ಕೆಳಗಿನ ಮೂಳೆಗೆ ಲೋಹದ ತಟ್ಟೆ, ನಡುವೆ ಸವೆದ ಮೆತ್ತೆಯ ಬದಲು ದಪ್ಪ ಬಿಳಿ ಪ್ಲಾಸ್ಟಿಕ್. ಮೈಯೊಳಗಿನ ನೀರು, ಉಪ್ಪು ತಡೆಯಲೆಂದೇ ಮಾಡಿದ ಲೋಹವಂತೆ. ಅಂಥ ನುಣುಪು ನನ್ನ ಅಂಗಡಿಯಲ್ಲೂ ಇಲ್ಲ. ಆದರೆ ಮಡಚುತ್ತ ಹೋದರೆ ಒಂದು ಕಡೆ ಬಂದು ನಿಂತುಬಿಟ್ಟಿತು.

"ಇನ್ನೊಂಚೂರು ಮಡಚೋದನ್ನ ಒಳಗೆ ಇಟ್ಟಿರ್ತೀರಿ, ತೆಗೀರಿ ಸರ್. ವ್ಯಾಪಾರ ನಾನೂ ಮಾಡ್ತೀನಿ."

ಡಾಕ್ಟರ್ ನಕ್ಕರು. "ಯಜಮಾನ್ರೇ, ನಡೆಯೋಕೆ, ಕುರ್ಚಿ ಮೇಲೆ ಕೂರೋಕೆ ತೊಂದರೆ ಇಲ್ಲ. ನೆಲದ ಮೇಲೆ ಕೂರೋದಕ್ಕೆ ಮಾತ್ರ ನಾನು ಮಾತು ಕೊಡಲ್ಲ."

ಎಷ್ಟು ಎಳೆದರೂ ಅವರು ಅಲ್ಲಿಂದ ಜಗ್ಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಕ್ಕನಿಗೆ ಹೇಳಿದೆ. ಅವಳು ಬಹಳ ಹೊತ್ತು ಮೊಣಕಾಲು ಸವರಿಕೊಂಡಳು.

"ಇರೋತನಕ ನಡೀತೀನಿ. ಆಮ್ಯಾಲಿಂದು ನಿಂಗೆ ಬಿಟ್ಟಿದ್ದು. ಕುಂದ್ರಿಸ್ತೀಯಲ್ಲ?"

"ಕುಂದ್ರಿಸ್ತೀನಿ" ಎಂದೆ.

ಆಪರೇಷನ್ ಆಯಿತು, ಅಕ್ಕ ನಡೆದಳು. ಸಂತೆಗೆ ನಡೆದಳು, ನನ್ನ ಹೆಂಡತಿಗಿಂತ ಮುಂದೆ ನಡೆದಳು. ಬೆಳಗಿನ ಲಿಂಗಪೂಜೆಯನ್ನು ಕುರ್ಚಿಯ ಮೇಲೆ ಮಾಡಿದಳು. ಹೋದ ವರ್ಷ ಕೈಕೊಟ್ಟಿದ್ದು ಅವಳ ಎದೆ, ಆ ಕಾಲಲ್ಲ.

ಮೈ ಬಿಗಿಯುವ ಮೊದಲೇ ಕೂರಿಸಬೇಕು. ಗೋಡೆಗೆ ಒರಗಿಸಿದೆವು. ಎಡಗಾಲು ಸಲೀಸಾಗಿ ಮಡಚಿಕೊಂಡಿತು. ಬಲಗಾಲು ಅರ್ಧಕ್ಕೇ ನಿಂತಿತು. ನಂದಿಗುಡಿಯಿಂದ ಬಂದಿದ್ದ ಅವಳ ಮೈದುನ ತೋಳು ಮೇಲೇರಿಸಿದ.

"ಸರೀರಿ, ಒಂದ್ಸಲ ಒತ್ತಿದ್ರೆ ಕೂಡ್ತೈತೆ. ಇನ್ನ ಆಕೀಗೆ ನೋವೆಲ್ಲೈತೆ?"

"ಕೈ ತೆಗಿಯೋ!" ಎಂದು ಕೂಗಿದೆ. ಕ್ರಿಯೆ ಮಾಡಿಸಲು ಬಂದಿದ್ದ ಐನೋರ ಮುಂದೆ ಕೈಮುಗಿದು ನಿಂತೆ. "ಗುಣೀನ ಮುಂದಕ್ಕೆ ಇನ್ನೊಂದು ಮೊಳ ತೋಡಿಸ್ತೀನ್ರಿ. ಆ ಕಾಲು ಹೆಂಗೈತೋ ಹಂಗೇ ಇರ್ಲಿ, ಒಪ್ಕೋರಿ."

"ತೋಡ್ಸಪ್ಪ. ಲಿಂಗ ಇರೋದು ಕೈಯಾಗೆ, ಕಾಲಾಗಲ್ಲ."

ನಂದಿಗುಡಿಯ ಹೊಲದಲ್ಲಿ, ಭಾವನ ಪಕ್ಕ, ಅಕ್ಕನನ್ನು ಇಳಿಸಿದೆವು. ಮಡಚದ ಕಾಲು ಜಾರುತ್ತಿತ್ತು. ಅದರೊಂದಿಗೆ ಅಕ್ಕನೂ ವಾಲುತ್ತಿದ್ದಳು. ನಾನೇ ಗುಣಿಗಿಳಿದು, ಮೊಣಕಾಲ ಕೆಳಗೆ ಮಣ್ಣು ಒಟ್ಟಿ, ಹಿಮ್ಮಡಿ ಹಿಡಿದುಕೊಂಡೆ. ಮೇಲಿನಿಂದ ವಿಭೂತಿ, ಬಿಲ್ವಪತ್ರೆ ನನ್ನ ತಲೆಯ ಮೇಲೂ ಬಿದ್ದವು.

"ಬಿಡಪ್ಪ, ಮ್ಯಾಲೆ ಬಾ. ಕುಂತಾಳೆ" ಎಂದರು ಐನೋರು.

ಬಿಟ್ಟರೆ ಮತ್ತೆ ವಾಲುತ್ತಾಳೇನೋ ಎಂದು, ಮಣ್ಣು ಅವಳ ಪಾದ ಮುಚ್ಚಿ ನನ್ನ ಬೆರಳು ಮುಚ್ಚುವವರೆಗೂ ಹಿಡಿದೇ ಇದ್ದೆ.