ಸೌಟಿಗೆ ಮಣಿ ಕಟ್ಟಿದ ಚೊಕ್ಕಮ್ಮ

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಪಾತ್ರೆ ತೊಳೆದ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಹಾಜರಿ ಪುಸ್ತಕ ಬಿಟ್ಟು ಆಚೆ ಬರಲೇ ಇಲ್ಲ. ಎಲ್ಲರ ಬಾಯಲ್ಲೂ ಅವಳು ಚೊಕ್ಕಮ್ಮ. ಆ ಹೆಸರಿಟ್ಟವನು ಮುಖ್ಯ ಅಡುಗೆಯವನು, ಅದೂ ಮೆಚ್ಚಿ ಅಲ್ಲ, ರೇಗಿ. ಒಂದು ಬೆಳಿಗ್ಗೆ ಅವನು ಗಂಜಿ ಬಡಿಸಲು ಸೌಟು ಎತ್ತಿಕೊಂಡಿದ್ದನ್ನು ಅವಳು ಕೈಯಿಂದ ಕಸಿದುಕೊಂಡು, ಹಿಡಿ ಮತ್ತು ಬಟ್ಟಲು ಕೂಡುವ ಜಾಗಕ್ಕೆ ಹೆಬ್ಬೆರಳ ಉಗುರು ಹಾಕಿ ಕೆರೆದು, ಒಣಗಿದ ನಿನ್ನೆಯ ಗಂಜಿಯನ್ನು ಅವನ ಮೂಗಿನ ಕೆಳಗೇ ಹಿಡಿದಿದ್ದಳು.

"ಹೊಟ್ಟೆ ಕೊಯ್ಸಿಕೊಂಡು ಮಲಗಿರೋರ ಬಾಯಿಗೆ ಹೋಗುತ್ತಲ್ಲ ಇದು, ನೀವು ತಿಂತೀರಾ?"

"ಅಯ್ಯೋ ನಮ್ಮ ಚೊಕ್ಕಮ್ಮಾ! ನಿನ್ನ ಕಾಟಕ್ಕೆ ನಾವೇ ಒಂದಿನ ವಾರ್ಡಲ್ಲಿ ಮಲಗ್ಬೇಕು!"

ಹೆಸರು ಅಂಟಿಕೊಂಡಿತು. ಆದರೆ ಚೊಕ್ಕ ಎನ್ನುವ ಮಾತಿನಲ್ಲಿ ಒಂದು ಬಗೆಯ ನೆಮ್ಮದಿ ಇದೆಯಲ್ಲ, ಅದು ಅವಳ ಪಾಲಿಗೆ ಇರಲಿಲ್ಲ. ಕೊಳೆ ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಅವಳ ಮೂಗಿಗೆ ಬಡಿಯುತ್ತಿತ್ತು. ಬಸ್ಸಿನ ಕಂಬಿ ಹಿಡಿದರೆ ಮೈ ಜುಮ್ಮೆನ್ನುವುದು. ಯಾರದಾದರೂ ಮನೆಯಲ್ಲಿ ಟೀ ಕೊಟ್ಟರೆ ಲೋಟದ ಅಂಚು ನೋಡದೆ ಬಾಯಿಗಿಡುತ್ತಿರಲಿಲ್ಲ. ನೆಂಟರು ಅವಳನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟಿದ್ದರು. ಅವಳಿಗೂ ಅದೇ ಬೇಕಿತ್ತು.

ಮಂಡಿ ನೋವು ಹೆಚ್ಚಾಗಿ ಕೆಲಸ ಬಿಟ್ಟ ವರ್ಷವೇ ಅವಳ ತಂಗಿಯ ಗಂಡ ತೀರಿಕೊಂಡ. ಅವನದು ಬಳೆ, ಕ್ಲಿಪ್ಪು, ಸರ ಮಾರುವ ಫ್ಯಾನ್ಸಿ ಅಂಗಡಿ. ಅಂಗಡಿ ಮುಚ್ಚಿ, ತಂಗಿ ಎರಡು ಸೂಟ್‌ಕೇಸು ಬಟ್ಟೆ ಮತ್ತು ಹದಿನಾಲ್ಕು ರಟ್ಟಿನ ಡಬ್ಬ ಮಣಿ ಹೊತ್ತುಕೊಂಡು ಅಕ್ಕನ ಎರಡು ಕೋಣೆಯ ಮನೆಗೆ ಬಂದಳು. ಗಾಜಿನ ಮಣಿ, ಪ್ಲಾಸ್ಟಿಕ್ ಮುತ್ತು, ಸಾಸಿವೆಯಷ್ಟು ಸಣ್ಣ ಹರಳು. ನೆಲ ಗುಡಿಸಿದಾಗಲೆಲ್ಲ ಪೊರಕೆಗೆ ನಾಲ್ಕು ಮಣಿ ಸಿಕ್ಕದೆ ಇರುತ್ತಿರಲಿಲ್ಲ.

ತಂಗಿ ಸುಮ್ಮನೆ ಕೂರುವ ಜಾತಿಯವಳಲ್ಲ. ಒಂದು ದಿನ ಅಡುಗೆಮನೆಯಿಂದ ಸ್ಟೀಲಿನ ಸೌಟು ತಂದು, ಹಿಡಿಗೆ ತೆಳು ಹಿತ್ತಾಳೆ ತಂತಿ ಸುತ್ತಿ, ಸುತ್ತಿಗೊಂದು ಮಣಿ ಪೋಣಿಸಿ, ನಡುವೆ ಒಂದು ಹೂವು ಕೂರಿಸಿ ಅಕ್ಕನ ಮುಂದೆ ಹಿಡಿದಳು.

"ಹೇಗಿದೆ ಅಕ್ಕಾ?"

"ಹಂದಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗಿದೆ. ಸೌಟಿಗೆ ಯಾತಕ್ಕೇ ಸರ? ಅದೇನು ಮದುವೆಗೆ ನಿಂತಿದೆಯಾ?"

"ಜನ ಉಡುಗೊರೆ ಕೊಡ್ತಾರೆ ಕಣೇ. ಟೇಬಲ್ ಮೇಲೆ ಇಟ್ರೆ ಚೆಂದ."

"ತಂತಿ ಸಂದಿಲಿ ಏನೇನು ಕೂರುತ್ತೆ ಅಂತ ನನ್ನ ಕೇಳು. ಥೂ!"

ಬೈದಳು ನಿಜ. ಆದರೆ ಸೌಟನ್ನು ಕೈಗೆ ತೆಗೆದುಕೊಂಡಾಗ ಅವಳಿಗೆ ಇನ್ನೊಂದು ಹೇಸಿಗೆ ಕಂಡಿತು. ತಂಗಿಯ ಸುತ್ತು ಸಡಿಲ. ಎಳೆದರೆ ಜಾರುತ್ತದೆ, ತುದಿ ಚುಚ್ಚುತ್ತದೆ. ಸಡಿಲ ಕೆಲಸ ನೋಡಿಕೊಂಡು ಸುಮ್ಮನಿರುವುದು ಚೊಕ್ಕಮ್ಮನ ಕೈಲಾಗದ ಮಾತು. ಎಲ್ಲ ಬಿಚ್ಚಿ ಹಾಕಿ, ತಂತಿಯ ತುದಿಯನ್ನು ಮೊದಲ ಸುತ್ತಿನ ಅಡಿಗೆ ಸಿಕ್ಕಿಸಿ, ಇಕ್ಕಳದಲ್ಲಿ ಒತ್ತಿ, ಒಂದರ ಪಕ್ಕಕ್ಕೆ ಒಂದು, ಕೂದಲೆಳೆ ತೂರದ ಹಾಗೆ ಸುತ್ತಿದಳು. ಕಾಲು ಶತಮಾನ ಹಂಡೆ ತಿಕ್ಕಿದ ಮಣಿಕಟ್ಟು ಅದು. ಸಂಜೆಯೊಳಗೆ ಮೂರು ಸೌಟು ಮುಗಿದಿದ್ದವು. ವಾರದೊಳಗೆ ಕೆಲಸ ಪೂರಾ ಅವಳದೇ ಆಯಿತು. ತಂಗಿ ಬಣ್ಣ ಆರಿಸುವುದು, ಗಿರಾಕಿಯೊಡನೆ ಮಾತಾಡುವುದು.

ಅಕ್ಕ ಒಂದೇ ಷರತ್ತು ಹಾಕಿದ್ದಳು. ಬಟ್ಟಲಿನಿಂದ ನಾಲ್ಕು ಬೆರಳು ಮೇಲಕ್ಕೇ ತಂತಿ ನಿಲ್ಲಬೇಕು. ಅಡುಗೆಗೆ ತಾಕುವ ಜಾಗ ಬೆತ್ತಲೆಯಾಗಿರಬೇಕು.

ಹಾಗೆ ಆರು ತಿಂಗಳು ನಡೆಯಿತು. ಆಮೇಲೆ ದೊಡ್ಡ ರಸ್ತೆಯ ಪಾರ್ಟಿ ಹಾಲ್‌ನ ಮ್ಯಾನೇಜರು ಮನೆಗೇ ಬಂದ. ಬೆವರಿನ ಮೇಲೆ ಸೆಂಟು ಸುರಿದುಕೊಂಡ ಮನುಷ್ಯ. ಬಲಗೈ ಕಿರುಬೆರಳಿನ ಉಗುರು ಉದ್ದ ಬಿಟ್ಟಿದ್ದ. ಮಾತಾಡುತ್ತಾ ಮಾತಾಡುತ್ತಾ ಮಾದರಿಗೆ ಇಟ್ಟಿದ್ದ ಸೌಟು ಎತ್ತಿ, ಅದರ ಬಟ್ಟಲಿನಿಂದ ಕತ್ತಿನ ಹಿಂದೆ ಕೆರೆದುಕೊಂಡು, ಹಾಗೇ ಮೇಜಿನ ಮೇಲಿಟ್ಟ. ಚೊಕ್ಕಮ್ಮ ಅದನ್ನು ಬಟ್ಟೆಯ ತುದಿಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದಳು. ಅವನು ಎದ್ದು ಹೋದ ಮೇಲೆ ಆ ಸೌಟನ್ನು ಎರಡು ಸಲ ಕುದಿಸಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಅವನಿಗೆ ಅರವತ್ತು ಸೌಟು ಬೇಕಿತ್ತು. ಆದರೆ ಹೂವು ಬಟ್ಟಲಿನ ಕತ್ತಿನವರೆಗೂ ಇಳಿಯಬೇಕು.

"ಫೋಟೋದಲ್ಲಿ ಹಿಡಿ ಕಾಣಲ್ಲಮ್ಮಾ, ಬಡಿಸೋರ ಕೈ ಮುಚ್ಚಿಬಿಡುತ್ತೆ. ಕೆಳಗೆ ಇರ್ಬೇಕು ಡಿಸೈನು."

"ಆಗಲ್ಲ. ಅಲ್ಲಿ ಊಟ ತಾಕುತ್ತೆ," ಎಂದಳು ಚೊಕ್ಕಮ್ಮ.

ಮ್ಯಾನೇಜರು ವಾದಕ್ಕೆ ಇಳಿಯಲಿಲ್ಲ. ಒಂದು ಸೌಟನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. "ಅಲ್ಲಾ, ಇದು ಮಿಷಿನ್ನಲ್ಲಿ ಮಾಡಿದ್ದಲ್ವಾ? ನಿಮ್ಮ ಕೈನಾ? ಅಮ್ಮಾ, ಈ ಕೈಗೆ ಕೈ ಮುಗೀಬೇಕು. ಇಷ್ಟು ದೊಡ್ಡ ಊರಲ್ಲಿ ನಾನು ಇಂಥ ಕೆಲಸ ನೋಡೇ ಇಲ್ಲ."

ಪಾತ್ರೆ ತೊಳೆಯುವವಳನ್ನು ಯಾರೂ ಹೊಗಳುವುದಿಲ್ಲ. ಪಾತ್ರೆ ಹೊಳೆದರೆ ಅದು ಪಾತ್ರೆಯ ಗುಣ, ಕೊಳೆ ಉಳಿದರೆ ಮಾತ್ರ ತೊಳೆದವಳ ನೆನಪು. ಇಪ್ಪತ್ತಾರು ವರ್ಷದಲ್ಲಿ ಅವಳ ಕೈಯನ್ನು ಯಾರೂ ಹೀಗೆ ಕೊಂಡಾಡಿರಲಿಲ್ಲ. ಹೇಳುವವನು ಸುಳ್ಳುಬುರುಕ ಎಂದು ಗೊತ್ತಿತ್ತು, ಅವನ ಉಗುರು ಕಣ್ಣ ಮುಂದೆಯೇ ಇತ್ತು, ಆದರೂ ಕಿವಿ ಬೆಚ್ಚಗಾಯಿತು.

"ಸರಿ, ನೋಡೋಣ," ಎಂದುಬಿಟ್ಟಳು.

ತಂಗಿ ಬಾಗಿಲ ಬಳಿ ನಿಂತು ಕಣ್ಣರಳಿಸಿದಳು.

ಅರವತ್ತು ಸೌಟಿಗೆ ಹತ್ತೊಂಬತ್ತು ದಿನ ಹಿಡಿಯಿತು. ಪ್ರತಿಯೊಂದರ ಕತ್ತಿಗೂ ಐದು ಎಸಳಿನ ಬಿಳಿ ಹೂವು, ಎರಡು ಹಸಿರು ಎಲೆ. ಕಟ್ಟುವಾಗ ಮನಸ್ಸು ಚುಚ್ಚದೆ ಇರಲಿಲ್ಲ, ಆದರೆ ಹೂವು ಚೆನ್ನಾಗಿ ಬಂದಾಗ ಸ್ವಲ್ಪ ದೂರ ಹಿಡಿದು ನೋಡಿಕೊಳ್ಳುವುದನ್ನೂ ಅವಳು ಬಿಡಲಿಲ್ಲ. ಕೊನೆಗೆ ಪೆಟ್ಟಿಗೆ ಕಟ್ಟುವಾಗ ಒಂದು ಯೋಚನೆ ಬಂತು. ಬಿಸಿ ನೀರಿಗೆ ಹಾಕಿದರೆ ಪ್ಲಾಸ್ಟಿಕ್ ಮುತ್ತಿನ ಬಣ್ಣ ಬಿಡುತ್ತದೆ, ನಾರಿನಿಂದ ತಿಕ್ಕಿದರೆ ಎಸಳು ಬಾಗುತ್ತದೆ. ಇಷ್ಟು ಕಷ್ಟಪಟ್ಟಿದ್ದು ಹಾಳಾಗಬಾರದಲ್ಲ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: "ನೀರಲ್ಲಿ ಮುಳುಗಿಸಬೇಡಿ. ತಿಕ್ಕಬೇಡಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ." ಪೆಟ್ಟಿಗೆಯ ಮೇಲ್ಗಡೆ ಅದನ್ನಿಟ್ಟು ಮುಚ್ಚಿದಳು.

ನಾಲ್ಕು ತಿಂಗಳಾದ ಮೇಲೆ ಆ ಸೌಟುಗಳು ಗೋಣಿಚೀಲದಲ್ಲಿ ವಾಪಸ್ಸು ಬಂದವು. ಮ್ಯಾನೇಜರು ಫೋನು ಮಾಡಿದ್ದನಂತೆ, ಅಲ್ಲಲ್ಲಿ ಮಣಿ ಉದುರಿದೆ, ಹೊಳಪು ಕಡಿಮೆಯಾಗಿದೆ, ನಾಳೆ ಸಂಜೆ ದೊಡ್ಡ ಪಾರ್ಟಿ ಇದೆ, ರಿಪೇರಿ ಮಾಡಿ ಕೊಡಿ ಎಂದು. ತಂಗಿ ಚೀಲವನ್ನು ನಡುಮನೆಗೆ ಎಳೆದು ತಂದು ಹುರಿ ಬಿಚ್ಚಿದಳು.

ಚೊಕ್ಕಮ್ಮ ಅಡುಗೆಮನೆಯಲ್ಲಿದ್ದಳು. ವಾಸನೆ ಅವಳನ್ನು ಅಲ್ಲೇ ಹಿಡಿಯಿತು. ಕಮಟು ಎಣ್ಣೆ, ಹುಳಿತ ಮೊಸರು, ಒದ್ದೆ ಬಟ್ಟೆಯ ಮುಗ್ಗಲು ಮೂರೂ ಕೂಡಿದ ವಾಸನೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಒಂದು ಸೌಟು ಎತ್ತಿದಳು. ಹಿಡಿ ಬೆರಳಿಗೆ ಅಂಟಿತು. ಬಿಳಿ ಹೂವು ಹಲ್ಲಿನ ಪಾಚಿಯ ಬಣ್ಣಕ್ಕೆ ತಿರುಗಿತ್ತು.

ಇಕ್ಕಳ ತಂದು ಕತ್ತಿನ ತಂತಿ ಕತ್ತರಿಸಿದಳು. ಮೊದಲ ಸುತ್ತು ಬಿಚ್ಚಿತು. ಅಡಿಯಲ್ಲಿ ಕಂದು ಬಣ್ಣದ ಅಂಟು, ಮೇಣದ ಹಾಗೆ. ಎರಡನೆಯ ಸುತ್ತಿನ ಮಣಿಗಳ ಸಂದಿನಲ್ಲಿ ಕೊಳೆತು ಕಪ್ಪಾದ ಅನ್ನದ ಅಗುಳು, ಅದರ ಮೈಮೇಲೆ ಹಸಿರು ಬೂಷ್ಟು. ಇನ್ನೂ ಬಿಚ್ಚಿದಾಗ ಎಸಳಿನ ಹಿಂದೆ ಜಿರಳೆಯ ಮೊಟ್ಟೆಯ ಚೀಲವೊಂದು ತನಗೇ ಅಳತೆ ತೆಗೆದು ಹೊಲಿಸಿದ ಗೂಡಿನಲ್ಲಿ ಕೂತಂತೆ ಕೂತಿತ್ತು. ಅವಳು ಸೌಟನ್ನು ಅಲ್ಲೇ ಬಿಸಾಡಿ, ಬಚ್ಚಲಿಗೆ ಓಡಿ, ಬೆಳಗಿನಿಂದ ತಿಂದದ್ದನ್ನೆಲ್ಲ ಕಕ್ಕಿದಳು.

ಬಾಯಿ ತೊಳೆದುಕೊಂಡು ಬಂದಾಗ ತಂಗಿ ಫೋನು ಹಿಡಿದು ನಿಂತಿದ್ದಳು. ಮ್ಯಾನೇಜರಿನ ದನಿ ನಡುಮನೆಗೆಲ್ಲ ಕೇಳುತ್ತಿತ್ತು.

"ಬಿಚ್ಚೋದೆಲ್ಲ ಬೇಡಮ್ಮಾ, ಮೇಲ್ಮೇಲೆ ಎರಡು ಮಣಿ ಕೂರಿಸಿ, ಸೆಂಟು ಹಾಕಿದ ಬಟ್ಟೇಲಿ ಒರೆಸಿ ಕೊಡಿ. ಒಳಗೆ ಇಣುಕಿ ಯಾರು ನೋಡ್ತಾರೆ?"

"ಅಕ್ಕಾ, ಇದೊಂದು ಸಲ," ಎಂದಳು ತಂಗಿ ಫೋನಿಟ್ಟು. "ನಾಳೆ ಅವರಿಗೆ ಬೇಕೇಬೇಕು."

"ನಿನ್ನ ಬಾಯಿಗೆ ಇಡ್ಲಾ ಇದನ್ನ? ಬಾ, ಬಾಯಿ ತೆಗಿ!"

"ನನ್ನ ಮೇಲೆ ಯಾಕೆ ಕೂಗ್ತೀಯಾ? ನಾನಾ ಕತ್ತಿಗೆ ಹೂವು ಕಟ್ಟಿದ್ದು?"

ಚೊಕ್ಕಮ್ಮ ಕೆಳಗೆ ನೋಡಿದಳು. ನೆಲದ ಮೇಲೆ ಬಿದ್ದಿದ್ದ ತಂತಿ ಅವಳದೇ. ಆ ಬಿಗಿ ಇನ್ನಾರ ಕೈಗೂ ಬರುವುದಿಲ್ಲ. ಸಡಿಲವಾಗಿದ್ದಿದ್ದರೆ ನೀರಾದರೂ ಒಳಗೆ ಹೋಗಿ ಬರುತ್ತಿತ್ತೇನೋ. ಎಣ್ಣೆ ಒಳಗಿಳಿಯಲು ಸಾಕಾದ, ನೀರು ಹೊಕ್ಕು ತೊಳೆಯಲು ಸಾಲದ ಸಂದು ಬಿಟ್ಟು ಅಷ್ಟು ಅಚ್ಚುಕಟ್ಟಾಗಿ ಸುತ್ತಿದವಳು ಅವಳೇ.

ಅವಳು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೂತಳು. ಒಂದೊಂದೇ ಸೌಟಿನ ತಂತಿ ಕತ್ತರಿಸಿದಳು. ಮಣಿಗಳು ಬಕೆಟ್ಟಿಗೆ ಬಿದ್ದವು. ಒಂದರಲ್ಲಿ ಯಾರದೋ ಕೂದಲು ತಂತಿಯ ಜೊತೆಗೇ ಸುತ್ತಿಕೊಂಡು ಬಂತು, ಇನ್ನೊಂದರಿಂದ ಬಿಳಿ ಹುಳು ಉದುರಿತು. ನಡುನಡುವೆ ಎದ್ದು ಹೋಗಿ ಓಕರಿಸಿ ಬಂದಳು, ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಕಹಿ ನೀರು. ತಂಗಿ ಮೊದಲು ಅತ್ತಳು, ಆಮೇಲೆ ಬೈದಳು, ಕೊನೆಗೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿಕೊಟ್ಟಳು. ಅರವತ್ತೂ ಸೌಟು ಸೋಡಾ ಹಾಕಿದ ನೀರಿನಲ್ಲಿ ಮೂರು ಸರದಿ ಕುದಿದವು.

ಮರುದಿನ ಸಂಜೆಯಾಗುವ ಹೊತ್ತಿಗೆ ಚೊಕ್ಕಮ್ಮ ಸೌಟಿನ ಚೀಲವನ್ನು ಆಟೋಗೆ ಹಾಕಿಕೊಂಡು ತಾನೇ ಪಾರ್ಟಿ ಹಾಲ್‌ಗೆ ಹೋದಳು. ಮುಂದಿನ ಬಾಗಿಲಲ್ಲಿ ಗಾಜಿನ ದೀಪ, ಕೆಂಪು ರತ್ನಗಂಬಳಿ. ಅವಳು ಹಿಂದಿನ ಬಾಗಿಲು ಹುಡುಕಿದಳು. ಪಾತ್ರೆ ತೊಳೆಯುವ ಜಾಗ ಯಾವತ್ತೂ ಹಿಂದೆಯೇ ಇರುತ್ತದೆ. ಸಿಮೆಂಟಿನ ತೊಟ್ಟಿ, ನೀರಿನ ಮೇಲೆ ಎಣ್ಣೆಯ ಕೆನೆ, ಪಕ್ಕದಲ್ಲಿ ಹಿಂದಿನ ದಿನದ ಎಂಜಲಿನ ಡ್ರಮ್ಮು, ಅದರ ಸುತ್ತ ನೊಣದ ಹಿಂಡು. ತನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ತಟ್ಟೆ ಅದ್ದಿ ಅದ್ದಿ ತೆಗೆಯುತ್ತಿದ್ದಳು.

"ಮಣಿ ಸೌಟು ಹೇಗೆ ತೊಳೀತಿದ್ರಿ?" ಎಂದು ಕೇಳಿದಳು ಚೊಕ್ಕಮ್ಮ.

"ತೊಳೆಯೋದೆಲ್ಲಿ ಬಂತು?" ಎಂದು ಆ ಹೆಂಗಸು ಮೊಣಕೈಯಿಂದ ಗೋಡೆ ತೋರಿಸಿದಳು. "ನೋಡಿ, ಬರೆದು ಹಾಕಿದ್ದಾರೆ. ನೀರು ಮುಟ್ಟಿಸ್ಬಾರ್ದಂತೆ, ತಿಕ್ಕಬಾರ್ದಂತೆ. ಮೊದಮೊದಲು ನಂಗೆ ಮನಸ್ಸು ತಡೀದೆ ತಿಕ್ಕಿದೆ, ಎರಡು ಮಣಿ ಉದುರ್ತು. ಮ್ಯಾನೇಜರು ಆ ರಟ್ಟು ನನ್ನ ಮುಖದ ಹತ್ರ ಹಿಡಿದು ಬೈದ್ರು. ಆಮೇಲಿಂದ ಒರೆಸಿ ಇಟ್ಟುಬಿಡೋದು. ಯಾವ ಮಹಾರಾಣಿ ಬರೆದಳೋ! ಜನ್ಮದಲ್ಲಿ ಒಂದು ಪಾತ್ರೆ ತೊಳೆದೋಳಲ್ಲ ಬಿಡಿ."

ಗೋಡೆಯ ಮೇಲೆ, ನಲ್ಲಿಯ ಮೇಲ್ಭಾಗಕ್ಕೆ ಟೇಪು ಹಚ್ಚಿ, ಚೊಕ್ಕಮ್ಮನ ದಪ್ಪ ಅಕ್ಷರದ ರಟ್ಟು ಇತ್ತು. ಅದಕ್ಕೂ ಎಣ್ಣೆ ಸಿಡಿದು ಕಲೆಯಾಗಿತ್ತು.

ಅವಳ ಮುಖಕ್ಕೆ ಬಿಸಿ ಏರಿತು. ನಿನ್ನೆ ಬಕೆಟ್ಟಿನ ಮುಂದೆ ಕೂತಾಗ ಬಂದ ಹೇಸಿಗೆ ಹೊಟ್ಟೆಯದು. ಇದು ಹೊಟ್ಟೆಯದಲ್ಲ, ಕಕ್ಕಿ ಹೊರಹಾಕುವಂಥದ್ದೂ ಅಲ್ಲ.

"ನಾನೇ ಬರೆದಿದ್ದು," ಎಂದಳು.

ಹೆಂಗಸು ತಟ್ಟೆ ಕೆಳಗಿಟ್ಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಉಗುರಿನ ಸುತ್ತ ಸೋಡಾ ತಿಂದ ಚರ್ಮವನ್ನು ನೋಡಿದಳು. "ನಿಮ್ಮ ಕೈ ನೋಡಿದ್ರೆ ಗೊತ್ತಿರಬೇಕಿತ್ತಲ್ಲ ನಿಮ್ಗೆ," ಎಂದು ಹೇಳಿ ಮತ್ತೆ ತಟ್ಟೆಯ ಕಡೆ ಬಗ್ಗಿದಳು. ಬೈದಿದ್ದರೆ ವಾಸಿಯಿತ್ತು.

ಚೊಕ್ಕಮ್ಮ ರಟ್ಟು ಕಿತ್ತು ಹರಿದು ಎಂಜಲಿನ ಡ್ರಮ್ಮಿಗೆ ಹಾಕಿದಳು. ಒಳಗೆ ಮ್ಯಾನೇಜರು ಚೀಲ ಬಿಚ್ಚಿ ನೋಡಿ ತಲೆ ಚಚ್ಚಿಕೊಂಡ.

"ಏನಮ್ಮಾ ಇದು? ಬೋಳು! ಆಸ್ಪತ್ರೆ ಸೌಟಿನ ಹಾಗಿದೆ!"

"ಹೌದು, ಹಾಗೇ ಇದೆ. ಇದ್ರಲ್ಲಿ ಬಡಿಸಿದ್ರೆ ಯಾರೂ ಆಸ್ಪತ್ರೆಗೆ ಹೋಗಲ್ಲ."

"ನಿಮ್ಮನ್ನ ನಂಬಿ ಕೆಟ್ಟೆ. ಜನ ಏನಂತಾರೆ?"

"ತಂತಿ ಬಿಚ್ಚಿದಾಗ ಏನೇನು ಸಿಕ್ತು ಅಂತ ಜನಕ್ಕೆ ನಾನೇ ಹೇಳ್ಲಾ?"

ಅವನು ಚೀಲವನ್ನು ಅಡುಗೆಮನೆಗೆ ಕಳಿಸಿದ. ಅತಿಥಿಗಳ ಕಾರು ಬರತೊಡಗಿದ್ದವು, ಬೇರೆ ಸೌಟು ತರಿಸಲು ಹೊತ್ತಿರಲಿಲ್ಲ. ಚೊಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದಳು. ರೇಷ್ಮೆಯವರು, ಸೂಟಿನವರು ತಟ್ಟೆ ಹಿಡಿದು ಸಾಲುಗಟ್ಟಿ ಬಂದರು, ಬೋಳು ಸೌಟಿನಲ್ಲಿ ಬಡಿಸಿಕೊಂಡರು, ಮುಂದಕ್ಕೆ ಹೋದರು. ಸೌಟಿನ ಕಡೆ ಒಬ್ಬರೂ ಕಣ್ಣು ಹಾಯಿಸಲಿಲ್ಲ. ಹತ್ತೊಂಬತ್ತು ದಿನದ ಅವಳ ಹೂವನ್ನೂ ಇವರು ಹೀಗೇ ನೋಡದೆ ಹೋಗಿದ್ದರು ಎಂಬುದು ಅವಳಿಗೆ ಆಗ ಹೊಳೆಯಿತು.

ಆಮೇಲೆ ಆ ಪಾರ್ಟಿ ಹಾಲ್‌ನಿಂದ ಕೆಲಸ ಬರಲಿಲ್ಲ. ತಂಗಿ ಮೂರು ವಾರ ಮುಖ ಊದಿಸಿಕೊಂಡಿದ್ದು, ಬೇಕಾದ್ದಷ್ಟೇ ಮಾತಾಡಿದಳು. ನಿಧಾನವಾಗಿ ಪರದೆ ಕಟ್ಟುವ ಪಟ್ಟಿಗೆ, ಕನ್ನಡಿಯ ಚೌಕಟ್ಟಿಗೆ ಮಣಿ ಕಟ್ಟುವ ಕೆಲಸ ಹುಡುಕಿ ತಂದಳು. ಊಟಕ್ಕೆ ಸಂಬಂಧ ಇಲ್ಲದ್ದಾದರೆ ಅಕ್ಕ ತಂತಿ ಮುಟ್ಟುತ್ತಿದ್ದಳು. ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಮಾತ್ರ ಕೈಯಲ್ಲಿದ್ದದ್ದನ್ನು ಇಟ್ಟು ಎದ್ದು ಹೋಗುತ್ತಿದ್ದಳು. ಬಂದವರು ಇವಳಿಗೇನು ಕೊಬ್ಬು ಎಂದುಕೊಂಡರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಂಗಿ ಹೇಳಿದಳು, "ಆ ಪಾರ್ಟಿ ಹಾಲ್‌ಗೆ ಹೋಗಿದ್ದೆ ಕಣೇ, ಗೆಳತಿ ಮಗಳ ಪಾರ್ಟಿಗೆ. ಹೊಸ ಸೌಟು ತರಿಸಿದ್ದಾರೆ. ಗಮ್ ಹಾಕಿ ಹರಳು ಅಂಟಿಸಿದ್ದು. ನೀನು ಬಿಟ್ರೆ ಇನ್ನೊಬ್ರು ಮಾಡ್ತಾರೆ, ಅಷ್ಟೇ."

"ನೀನು ಊಟ ಮಾಡಿದೆಯಾ ಅಲ್ಲಿ?"

ತಂಗಿ ಅನ್ನ ಕಲಸತೊಡಗಿದಳು. "ಹಣ್ಣು ತಿಂದು ಬಂದೆ," ಎಂದಳು. "ಅದೂ ಸಿಪ್ಪೆ ಇರೋದು."

ಚೊಕ್ಕಮ್ಮ ನಗಲಿಲ್ಲ. ತಟ್ಟೆಯಲ್ಲಿದ್ದ ಅನ್ನದಲ್ಲಿ ಒಂದು ಅಗುಳು ಸ್ವಲ್ಪ ಕಪ್ಪಗೆ ಕಂಡಿತು. ತಳ ಹಿಡಿದದ್ದಷ್ಟೇ, ಅವಳಿಗೂ ಅದು ಗೊತ್ತಿತ್ತು. ಆದರೂ ತಟ್ಟೆಯನ್ನು ಸರಿಸಿ ಕೈ ತೊಳೆಯಲು ಎದ್ದಳು.